ಹೊಂಜುಟ್ಟಿನ ಹಕ್ಕಿ ಆಕಳಿಸಿದ ಬೆಳಗು

ಟಾರ್ಲಿ ಕಣಿವೆಯಲ್ಲಿ ಫರ್ಕರ್ ಮಥೆಸನ್ನನ ಕಿವಿಗೆ ದೊಡ್ಡ ಹೆಸರಿತ್ತು. ಆ ಹೆಸರನ್ನು ಊರೆಲ್ಲ ಹಬ್ಬಿಸಿದವನು ಹೆಚ್ಚುಕಡಿಮೆ ತಾನೊಬ್ಬನೇ ಎಂಬುದನ್ನು ಈಗ ಅವನೇ ನಗುತ್ತ ಒಪ್ಪಿಕೊಳ್ಳುತ್ತಾನೆ.

ಮೂವತ್ತನಾಲ್ಕು ವರ್ಷ ಅವನು ಟಾರ್ಲಿ ಹೊಳೆಯ ಕಾವಲುಗಾರನಾಗಿದ್ದ. ಕದ್ದು ಸಾಲ್ಮನ್ ಮೀನು ಹಿಡಿಯುವವರ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕಿವಿಗೊಟ್ಟು ತನ್ನ ಕಿವಿ ಇಷ್ಟು ಚುರುಕಾಯಿತು ಎನ್ನುತ್ತಿದ್ದ. ನಿವೃತ್ತನಾಗುವ ಹೊತ್ತಿಗೆ ಹನ್ನೊಂದು ಮಂದಿ ಕಳ್ಳರನ್ನು ಹಿಡಿದಿದ್ದ. ಅವರಲ್ಲಿ ನಾಲ್ವರು ಮಂಜಿನಲ್ಲಿ ದಾರಿ ತಪ್ಪಿ, ಮೀನಿನ ಚೀಲದ ಸಮೇತ ಅವನ ಮನೆ ಬಾಗಿಲನ್ನೇ ತಟ್ಟಿದವರು. ಆ ನಾಲ್ವರ ವಿಷಯವನ್ನು ಅವನು ಇತ್ತೀಚಿನವರೆಗೂ ಯಾರಿಗೂ ಹೇಳಿರಲಿಲ್ಲ.

ಹಕ್ಕಿ ಎಣಿಸುವುದು ಅವನ ಇನ್ನೊಂದು ಕಸುಬು. ಪ್ರತಿ ವಸಂತದಲ್ಲಿ ಎರಡು ಸಲ, ಕಲ್ಲು ಸೇತುವೆಯಿಂದ ಜಲಪಾತದವರೆಗೆ ಹೊಳೆಯ ದಂಡೆಗುಂಟ ಎರಡೂವರೆ ಮೈಲಿ ನಡೆದು, ಕಂಡದ್ದನ್ನೂ ಕೇಳಿದ್ದನ್ನೂ ಬರೆದು ಜಿಲ್ಲೆಯ ಹಕ್ಕಿ ಲೆಕ್ಕದವರಿಗೆ ಕಳಿಸುತ್ತಿದ್ದ. ಇಪ್ಪತ್ತಾರು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ. ಇದು ಕಣ್ಣಿಗಿಂತ ಕಿವಿಯ ಕೆಲಸ. ಕೊಂಬೆಗಳ ಒಳಗೆ ಅಡಗಿದ ಹಕ್ಕಿ ಕಾಣುವುದಿಲ್ಲ. ಅದು ಕೂಗಬೇಕು, ನೀವು ಕೇಳಬೇಕು. ಊರಿನ ನಾಲ್ಕು ಪುಟದ ತಿಂಗಳ ಪತ್ರಿಕೆಯಲ್ಲಿ ಅವನದೊಂದು ಅಂಕಣವೂ ಇತ್ತು. ಅದರ ಮೇಲೆ ತೀರಿಕೊಂಡವರ ಸುದ್ದಿ, ಕೆಳಗೆ ಹೊಗೆಕೊಳವೆ ಶುಚಿ ಮಾಡುವವನ ಜಾಹೀರಾತು. ಎಲ್ಲರೂ ಮೊದಲು ಆ ಪುಟವನ್ನೇ ತೆರೆಯುತ್ತಾರೆ ಎಂದು ಫರ್ಕರನಿಗೆ ಹೆಮ್ಮೆ. ಹೊಗೆಕೊಳವೆಯವನ ಫೋನ್ ನಂಬರಿಗೆ ಎಂದು ಅವನ ಹೆಂಡತಿ ಎಫಿ ಹೇಳುತ್ತಿದ್ದಳು.

ಗೋಲ್ಡ್‌ಕ್ರೆಸ್ಟ್ ಎಂಬ ಹಕ್ಕಿ ಈ ನಾಡಿನಲ್ಲೆಲ್ಲ ಅತಿ ಚಿಕ್ಕದು. ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದಿದ್ದರೆ ಹೆಚ್ಚು. ನೆತ್ತಿಯ ಮೇಲೆ ಅರಿಸಿನದಲ್ಲಿ ಗೀಟೆಳೆದಂತೆ ಹಳದಿ ಪಟ್ಟಿ. ನಾವು ಅದನ್ನು ಹೊಂಜುಟ್ಟು ಎನ್ನೋಣ. ಗಾಜಿನ ಮೇಲೆ ಸೂಜಿ ಗೀಚಿದಂಥ ಸಣ್ಣ, ತೀರ ಎತ್ತರದ ದನಿ ಅದರದು. ಹೊಳೆಯ ಎಡದಂಡೆಯಲ್ಲಿರುವ ಇವಾಂಡರ್ ಮ್ಯಾಕ್ರೇಯ ಕಾಡು, ಸೂಜಿಯೆಲೆಯ ಸ್ಪ್ರೂಸ್ ಮರಗಳದು, ಅವುಗಳ ತವರು. ಫರ್ಕರನ ಪುಸ್ತಕದಲ್ಲಿ ಅಲ್ಲಿನ ಹೊಂಜುಟ್ಟುಗಳು ಒಂದು ವರ್ಷ ಮೂವತ್ತೊಂದು ಇದ್ದವು. ಆಮೇಲೆ ಇಪ್ಪತ್ತಾರಾದವು, ಹದಿನಾಲ್ಕಾದವು, ಐದಾದವು. ಕೊನೆಗೊಂದು ವಸಂತದಲ್ಲಿ ಸೊನ್ನೆ.

ಇವಾಂಡರ್ ಐದು ವರ್ಷದ ಹಿಂದೆ ಆ ಕಾಡನ್ನು ಸವರಿ, ಒತ್ತೊತ್ತಾಗಿ ಬೆಳೆದಿದ್ದ ಮರಗಳಲ್ಲಿ ಕೆಲವನ್ನು ಕಡಿದಿದ್ದ. ಫರ್ಕರನಿಗೆ ಎರಡೂ ಕೂಡಿಸಿ ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಅಕ್ಟೋಬರಿನ ಅಂಕಣದಲ್ಲಿ ‘ಹೊಂಜುಟ್ಟುಗಳು ಎಲ್ಲಿಗೆ ಹೋದವು ಎಂದು ಗರಗಸ ಹಿಡಿದವರನ್ನು ಕೇಳಬೇಕು’ ಎಂದು ಬರೆದ. ಬರೆದು, ತಾನೇ ಎರಡು ಸಲ ಜೋರಾಗಿ ಓದಿಕೊಂಡು ಮೆಚ್ಚಿದ.

ಪತ್ರಿಕೆ ಬಂದ ದಿನವೇ ಅಂಗಡಿಯಲ್ಲಿ ಇವಾಂಡರ್ ಸಿಕ್ಕಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು.

“ಏ ಫರ್ಕರ್, ‘ಗರಗಸ ಹಿಡಿದವರು’ ಅಂದ್ರೆ ಯಾರೋ? ಈ ಕಣಿವೇಲಿ ಗರಗಸ ಇರೋದು ನನ್ನೊಬ್ಬನ ಹತ್ರ.”

“ನಾನು ಯಾರ ಹೆಸರೂ ಬರೆದಿಲ್ಲ.”

“ಬರೆದಿದ್ರೇ ವಾಸಿ ಇತ್ತು, ಕಾಗುಣಿತ ಸರಿ ಇದೆಯಾ ಅಂತಾದ್ರೂ ನೋಡ್ಕೋತಿದ್ದೆ. ನನ್ನ ಕಾಡಲ್ಲಿ ಹಕ್ಕಿ ಇಲ್ಲ ಅಂತೀಯಲ್ಲ, ಬೆಳಗಾದ್ರೆ ಚೀ ಚೀ ಅಂತ ತಲೆ ತಿಂತವೆ!”

“ಅವು ಬೇರೆ ಹಕ್ಕಿ. ಹೊಂಜುಟ್ಟಿಗೂ ಹೆಬ್ಬಾತಿಗೂ ಇರೋ ವ್ಯತ್ಯಾಸ ನಿನಗೆ ಗೊತ್ತಿದ್ರೆ ತಾನೆ?”

“ಚೆನ್ನಾಗಿ ಗೊತ್ತು,” ಎಂದ ಇವಾಂಡರ್. “ಹೆಬ್ಬಾತು ಪತ್ರಿಕೇಲಿ ಬರೆಯುತ್ತೆ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಫರ್ಕರ್ ಬ್ರೆಡ್ಡು ತೆಗೆದುಕೊಳ್ಳಲು ಹೋದವನು ಬ್ರೆಡ್ಡು ಬಿಟ್ಟು ಬಂದ.

ಅಲ್ಲಿಂದ ಮಾತು ನಿಂತಿತು. ನಲವತ್ತು ವರ್ಷಗಳಿಂದ ಇಬ್ಬರೂ ಭಾನುವಾರ ಚರ್ಚು ಮುಗಿಸಿ ಜೊತೆಯಲ್ಲೇ ಮನೆಗೆ ನಡೆಯುತ್ತಿದ್ದವರು. ಈಗಲೂ ಅದೇ ಹೊತ್ತಿಗೆ ಹೊರಟು, ರಸ್ತೆಯ ಆ ಅಂಚಿಗೊಬ್ಬ ಈ ಅಂಚಿಗೊಬ್ಬ ನಡೆಯತೊಡಗಿದರು. ರಸ್ತೆಯೋ ಒಂದು ಕಾರಿನಷ್ಟೇ ಅಗಲ. ಪಾದ್ರಿಗಳ ಕಾರು ಬಂದರೆ ಇಬ್ಬರೂ ಎರಡು ಕಡೆ ಕಲ್ಲುಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಪಾದ್ರಿಗಳು ಒಂದು ವಾರ ಇವನಿಗೆ, ಒಂದು ವಾರ ಅವನಿಗೆ ಕೈಬೀಸಿ ಹೋಗುತ್ತಿದ್ದರು. ಒಂದೂವರೆ ವರ್ಷ ಹೀಗೇ ನಡೆಯಿತು.

ನಡುವೆ ಇನ್ನೂ ಒಂದು ವಸಂತ ಬಂತು, ಇನ್ನೂ ಒಂದು ಸೊನ್ನೆ ದಾಖಲಾಯಿತು. ಎರಡು ಸೊನ್ನೆ ನೋಡಿದ ಮೇಲೆ ಜಿಲ್ಲೆಯ ಲೆಕ್ಕದವರು ಸುಮ್ಮನಿರಲಾರದೆ, ಮರುವರ್ಷದ ಮೇ ತಿಂಗಳಲ್ಲಿ ಇಂಗ್ರಿಡ್ ಫ್ಲೆಟ್ ಎಂಬಾಕೆಯನ್ನು ಕಳಿಸಿದರು. ಆಕೆ ಆರ್ಕ್ನಿ ದ್ವೀಪದವಳು, ನಲವತ್ತರ ಆಸುಪಾಸು, ಮಾತು ಕಮ್ಮಿ. ತನ್ನ ದೂರಿಗೆ ಮೇಲಿನವರು ಮನ್ನಣೆ ಕೊಟ್ಟರೆಂದು ಫರ್ಕರ್ ಹಿಗ್ಗಿದ. ಇವಾಂಡರನ ಮುಖ ಎಷ್ಟು ಬಾಡಬಹುದು ಎಂದು ಲೆಕ್ಕ ಹಾಕುತ್ತ ಬೂಟಿಗೆ ಎಣ್ಣೆ ಹಚ್ಚಿದ.

ಬೆಳಿಗ್ಗೆ ಹೊರಡುವಾಗ ಎಫಿ ಅಡಿಗೆಮನೆಯಿಂದ, “ಛತ್ರಿ ಇಟ್ಕೋ,” ಎಂದಳು. ಫರ್ಕರನಿಗೆ ‘ಪತ್ರಿಕೆ ಇಟ್ಕೋ’ ಎಂದು ಕೇಳಿಸಿತು. ಎಷ್ಟು ಮುಂದಾಲೋಚನೆ ಇವಳಿಗೆ ಎಂದು ಮೆಚ್ಚಿ, ತನ್ನ ಅಂಕಣಗಳನ್ನು ಕತ್ತರಿಸಿ ಇಟ್ಟಿದ್ದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ. ಸೇತುವೆ ದಾಟುವಷ್ಟರಲ್ಲಿ ಮಳೆ ಹನಿಯಿತು. ಅಂಕಣಗಳು ತಲೆಯ ಮೇಲೆ ಹಿಡಿಯುವುದಕ್ಕೆ ಬಂದವು.

ಮೊದಲ ಒಂದು ಮೈಲಿ ಅವನ ದರ್ಬಾರು. ಬಂಡೆಯ ಮೇಲೆ ಮೊಣಕಾಲು ಕುಣಿಸುತ್ತಿದ್ದ ಬಿಳಿ ಎದೆಯ ನೀರುಮುಳುಗನನ್ನು ತೋರಿಸಿದ. ಕೆಂದಲೆಯ ಮೀನುಬಾತು ಎಂಟು ಮರಿಗಳೊಂದಿಗೆ ಹೊಳೆಯಲ್ಲಿ ಇಳಿದು ಬಂತು. ಮೂರು ಮರಿ ತಾಯಿಯ ಬೆನ್ನೇರಿದ್ದವು. ಮರಳಿನ ದಿಣ್ಣೆಯ ಮೇಲೆ ನೀರುನಾಯಿಯ ಹಸಿ ಹೆಜ್ಜೆ ಇತ್ತು. ದೂರದ ಗುಡ್ಡದಲ್ಲಿ ಕೋಗಿಲೆ ಕೂಗಿದ್ದನ್ನು ಆಕೆಗಿಂತ ಮೊದಲು ತಾನೇ ಹೇಳಿದ. ಇಂಗ್ರಿಡ್ “ಹೌದು, ಹೌದು,” ಎನ್ನುತ್ತ ಬರೆದುಕೊಂಡಳು. ಫರ್ಕರನಿಗೆ ಆಕೆ ಬಲು ಬುದ್ಧಿವಂತೆ ಎನ್ನಿಸಿತು.

ಸ್ಪ್ರೂಸ್ ಕಾಡಿನೊಳಗೆ ಹತ್ತು ಹೆಜ್ಜೆ ಇಟ್ಟು ಅವನು ನಿಂತ. ಮಳೆ ನಿಂತಿತ್ತು. ಟೋಪಿ ತೆಗೆದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

“ಕೇಳಿ. ಏನೂ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಇಲ್ಲಿ ನಿಂತ್ರೆ ಕಿವಿ ತುಂಬಿ ಹೋಗ್ತಿತ್ತು. ಈಗ ನೋಡಿ, ಮಸಣ.”

ಇಂಗ್ರಿಡ್ ತಲೆ ಒಂದು ಕಡೆ ವಾಲಿಸಿ ನಿಂತಿದ್ದಳು. ಪೆನ್ಸಿಲು ಒಂದು ಗೀಟು ಎಳೆಯಿತು. ತುಸು ತಡೆದು ಇನ್ನೊಂದು. ಆಮೇಲೆ ಎರಡು ಒಟ್ಟಿಗೆ.

“ಏನು ಬರೀತಿದ್ದೀರಿ?”

“ಮಿಸ್ಟರ್ ಮಥೆಸನ್...” ಆಕೆಯ ಕೆನ್ನೆ ಕೆಂಪಾಯಿತು. “ನೀವು ತಮಾಷೆ ಮಾಡ್ತಿಲ್ಲ ತಾನೆ?”

“ತಮಾಷೆಯೆ? ಇಂಥ ವಿಷಯದಲ್ಲೆ?”

“ಇಲ್ಲಿ ನಿಂತ ಜಾಗದಿಂದಲೇ ಏಳು ಕೇಳಿಸ್ತಿವೆ.”

ಫರ್ಕರನಿಗೆ ಮೊದಲು ಹೊಳೆದದ್ದು ಒಂದೇ: ಇವಾಂಡರ್ ಈಕೆಯನ್ನು ಮೊದಲೇ ಒಲಿಸಿಕೊಂಡಿದ್ದಾನೆ. ಎರಡನೆಯದು: ಆರ್ಕ್ನಿ ದ್ವೀಪದಲ್ಲಿ ಮರಗಳೇ ಅಪರೂಪ, ಈಕೆಗೆ ಕಾಡು ಹಕ್ಕಿಯ ವಿಷಯ ಏನು ಗೊತ್ತು? ಇದನ್ನು ಅವನು ಸೌಜನ್ಯದಿಂದ ಹೇಳಲು ಬಾಯಿ ತೆರೆಯುತ್ತಿದ್ದಾಗ ಇಂಗ್ರಿಡ್ ಬೆರಳು ಮಾಡಿದಳು. ಅವನ ಮುಖದಿಂದ ಒಂದು ಮೊಳ ದೂರದಲ್ಲಿ, ಕೆಳಗೊಂಬೆಯ ತುದಿಯಲ್ಲಿ, ಹೊಂಜುಟ್ಟು ಕೂತಿತ್ತು. ನೆತ್ತಿಯ ಹಳದಿ ನೆಟ್ಟಗೆ ನಿಮಿರಿತ್ತು. ಅದು ಕೊಕ್ಕು ತೆರೆಯಿತು. ಗಂಟಲಿನ ಪುಕ್ಕ ನಡುಗಿತು, ಇಡೀ ಮೈ ನಡುಗಿತು. ಕೊಕ್ಕು ಮುಚ್ಚಿತು.

ಏನೂ ಕೇಳಿಸಲಿಲ್ಲ.

ಮತ್ತೆ ಕೊಕ್ಕು ತೆರೆಯಿತು, ಮೈ ನಡುಗಿತು, ಕೊಕ್ಕು ಮುಚ್ಚಿತು. ಹೊಳೆಯ ಸದ್ದು ಕೇಳುತ್ತಿತ್ತು. ಎಲೆಯಿಂದ ಹನಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಹಕ್ಕಿ ಮಾತ್ರ ಗಾಜಿನ ಆಚೆ ಇದ್ದಂತೆ ಇತ್ತು.

“ಆಕಳಿಸ್ತಿದೆ,” ಎಂದ ಫರ್ಕರ್.

ಇದಕ್ಕಿಂತ ಪೆದ್ದ ಮಾತು ತನ್ನ ಬಾಯಿಂದ ಹುಟ್ಟು ಲಾಗಾಯ್ತು ಬಂದಿಲ್ಲ ಎಂದು ಅವನು ಈಗ ಎಲ್ಲರಿಗೂ ಹೇಳುತ್ತಾನೆ. ಆದರೆ ಆಗ ಮನಸಾರೆ ಹೇಳಿದ್ದ.

ಇಂಗ್ರಿಡ್ ನಗಲಿಲ್ಲ. “ನಮ್ಮಪ್ಪನಿಗೂ ಹೀಗೇ ಆಯ್ತು,” ಎಂದಳು ಮೆಲ್ಲಗೆ. “ಅರವತ್ತು ದಾಟಿದ ಮೇಲೆ ಮೊದಲು ಹೋಗೋದು ಎತ್ತರದ ದನಿಗಳೇ. ಉಳಿದಿದ್ದೆಲ್ಲ ಕೇಳಿಸ್ತಿರುತ್ತಲ್ಲ, ಹಾಗಾಗಿ ಹೋಗಿದ್ದು ಗೊತ್ತೇ ಆಗಲ್ಲ. ಈ ಹಕ್ಕಿಯ ದನಿಯಂತೂ ಎಲ್ಲಕ್ಕಿಂತ ಮೊದಲು.”

ಫರ್ಕರ್ ಟೋಪಿ ಹಾಕಿಕೊಂಡ. ಮತ್ತೆ ತೆಗೆದ. ಒದ್ದೆ ಅಂಕಣಗಳ ಕಟ್ಟು ಎಲ್ಲಿಡಬೇಕೆಂದು ತಿಳಿಯದೆ ಬಗಲು ಬದಲಿಸಿದ. ಆ ಕಾಡಿನಲ್ಲಿ ಮುಂದಿನ ಅರ್ಧ ಗಂಟೆ ಅವನು ಇಂಗ್ರಿಡ್ ನಿಂತಲ್ಲಿ ನಿಂತ. ಅವಳ ಪೆನ್ಸಿಲು ಅಲ್ಲಾಡಿದಾಗೆಲ್ಲ ಸುತ್ತ ನೋಡಿದ. ಕಾಡಿನ ಆಚೆ ಅಂಚು ಮುಟ್ಟಿದಾಗ ಅವಳ ಪುಸ್ತಕದಲ್ಲಿ ಇಪ್ಪತ್ತೆಂಟು ಗೀಟುಗಳಿದ್ದವು.

“ಆ ಸೊನ್ನೆಗಳನ್ನ ಹೊಡೆದುಹಾಕಿಬಿಡಿ,” ಎಂದ ಹೊರಗೆ ಬಂದ ಮೇಲೆ. “ಅದರ ಹಿಂದಿನವನ್ನೂ.”

“ಹೊಡೆಯೋದು ಬೇಡ. ‘ಗೊತ್ತಿಲ್ಲ’ ಅಂತ ಬರೆಯೋಣ,” ಎಂದಳು ಇಂಗ್ರಿಡ್. ಇಪ್ಪತ್ತಾರು ವರ್ಷದಲ್ಲಿ ಆ ಪದವನ್ನು ಅವನ ಪುಸ್ತಕದಲ್ಲಿ ಯಾರೂ ಕಂಡಿರಲಿಲ್ಲ.

ಮನೆಗೆ ಬಂದು, ಎಫಿಯ ಎದುರು ಕುರ್ಚಿ ಎಳೆದು ಕೂತ.

“ನನಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ನಿನಗೆ ಗೊತ್ತಿತ್ತಾ?”

“ಮೂರು ವರ್ಷದಿಂದ ಹೇಳ್ತಿದೀನಿ.”

“ಯಾವಾಗ ಹೇಳಿದೆ? ನಾನು ಒಂದು ಸಲಾನೂ ಕೇಳಿಲ್ಲ.”

ಎಫಿ ಅವನ ಮುಖವನ್ನೇ ನೋಡಿದಳು. ಅವನಿಗೇ ಅರ್ಥವಾಯಿತು. ಇಬ್ಬರೂ ನಗತೊಡಗಿದರು, ನಗು ಒಂದು ಹಂತದಲ್ಲಿ ಅವನಿಗೆ ಬೇರೆ ಏನೋ ಆಗಿ, ಎಫಿ ಎದ್ದು ಬಂದು ಅವನ ಭುಜ ಹಿಡಿದುಕೊಂಡು ನಿಲ್ಲಬೇಕಾಯಿತು. “ಆ ಹಕ್ಕಿ ಅಷ್ಟು ಹತ್ತಿರ ಇತ್ತು ಎಫಿ,” ಎಂದ. “ಉಸಿರು ಬಿಟ್ಟಿದ್ರೆ ಅದಕ್ಕೆ ತಾಕ್ತಿತ್ತು.”

ಪಟ್ಟಣದ ಆಸ್ಪತ್ರೆಗೆ ಕಿವಿ ಪರೀಕ್ಷೆಗೆ ಬರಬೇಕಿದ್ದ ಯಾರೋ ಬರುವುದಿಲ್ಲವೆಂದು ತಿಳಿಸಿದ್ದರಿಂದ ಜೂನಿನಲ್ಲೇ ಅವನ ಸರದಿ ಬಂತು. ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಪರೀಕ್ಷೆ ಎಂದರೆ ಮೊದಲಿನಿಂದಲೂ ಹೆಚ್ಚು ಅಂಕ ತೆಗೆಯುವ ಚಪಲ ಅವನಿಗೆ. ಉತ್ಸಾಹದಿಂದ ಒತ್ತುತ್ತಾ ಹೋದ.

ಪರೀಕ್ಷಿಸುವ ಹೆಂಗಸು ಬಾಗಿಲು ತೆರೆದಳು. “ಮಿಸ್ಟರ್ ಮಥೆಸನ್, ನಾನಿನ್ನೂ ಶುರು ಮಾಡಿಲ್ಲ.”

ಎರಡು ವಾರದ ಮೇಲೆ ಎರಡೂ ಕಿವಿಗೆ ಯಂತ್ರ ಬಂತು. ಹಾಕಿಕೊಂಡ ಮೊದಲ ದಿನ ತನ್ನ ಪ್ಯಾಂಟು ನಡೆಯುವಾಗ ಸರಬರ ಎನ್ನುತ್ತದೆ ಎಂದು ತಿಳಿಯಿತು. ಫ್ರಿಜ್ಜು ಗೊಣಗುತ್ತದೆ ಎಂದು ತಿಳಿಯಿತು. ಎಫಿಯೂ ಗೊಣಗುತ್ತಾಳೆ, ಪಾತ್ರೆ ತೊಳೆಯುತ್ತ ತನ್ನ ಬಗ್ಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಾಳೆ, ಅದರಲ್ಲಿ ಬಹಳಷ್ಟು ನಿಜವೇ ಇದೆ ಎಂದೂ ತಿಳಿಯಿತು. ಹೊಂಜುಟ್ಟು ಮಾತ್ರ ಕೇಳಿಸಲಿಲ್ಲ. ಅಷ್ಟು ಎತ್ತರದ ದನಿಯನ್ನು ಹಿಡಿಯುವ ಶಕ್ತಿಯೇ ಕಿವಿಯೊಳಗೆ ಉಳಿದಿಲ್ಲ, ಯಂತ್ರ ಎಲ್ಲಿಂದ ತಂದುಕೊಟ್ಟೀತು ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಆದರೂ ಅವನು ಎರಡು ಬೆಳಿಗ್ಗೆ ಕಾಡಿನ ಅಂಚಿಗೆ ಹೋಗಿ ನಿಂತು ಬಂದ.

ಇನ್ನು ಉಳಿದದ್ದು ತಪ್ಪೊಪ್ಪಿಗೆ. ಜುಲೈ ತಿಂಗಳ ಅಂಕಣಕ್ಕೆಂದು ಮೂರು ಪುಟ ಬರೆದ. ಕಿವಿಯ ರಚನೆ, ವಯಸ್ಸು, ವಿಜ್ಞಾನದ ಮಿತಿ, ಜೊತೆಗೊಂದು ಚಿತ್ರ. ಎಫಿ ಓದಿ, ಪೆನ್ಸಿಲು ಕೇಳಿದಳು. ಅಚ್ಚಾದದ್ದು ಇಷ್ಟು: ‘ಹೊಂಜುಟ್ಟುಗಳು ಎಲ್ಲಿಗೂ ಹೋಗಿಲ್ಲ. ಹೋದದ್ದು ನನ್ನ ಕಿವಿ. ಇವಾಂಡರ್ ಮ್ಯಾಕ್ರೇ ಮತ್ತು ಅವನ ಕಾಡಿನ ಬಗ್ಗೆ ನಾನು ಬರೆದದ್ದು ತಪ್ಪು. ಅವನ ಕ್ಷಮೆ ಬೇಡುತ್ತೇನೆ.’ ಜಾಗ ಉಳಿದದ್ದರಿಂದ ಹೊಗೆಕೊಳವೆಯವನ ಜಾಹೀರಾತು ಆ ತಿಂಗಳು ದೊಡ್ಡದಾಗಿ ಬಂತು.

ಪತ್ರಿಕೆ ಬಂದ ಮಾರನೆಯ ಬೆಳಿಗ್ಗೆ ಫರ್ಕರ್ ಇವಾಂಡರನ ಬಾಗಿಲು ತಟ್ಟಿದ. ಇವಾಂಡರ್ ತೆರೆದು, ಅವನ ಮುಖ ನೋಡಿ, ಕಿವಿಯ ಯಂತ್ರ ನೋಡಿ, ಮಾತಾಡತೊಡಗಿದ. ಹುಬ್ಬು ಕುಣಿಯಿತು, ಕೈ ಆಡಿತು, ತುಟಿ ಬಡಬಡ ಅಲ್ಲಾಡಿತು. ದನಿ ಮಾತ್ರ ಇಲ್ಲ. ಫರ್ಕರ್ ಯಂತ್ರವನ್ನು ಒತ್ತಿದ, ತಿರುಗಿಸಿದ, ಕಿತ್ತು ಊದಿ ಮತ್ತೆ ಸಿಕ್ಕಿಸಿದ.

“ಇವಾಂಡರ್, ನಿಲ್ಲು, ಇದು ಕೆಟ್ಟುಹೋಯ್ತು ಕಣೋ...”

ಆಗ ಇವಾಂಡರ್ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಗತೊಡಗಿದ. ಆ ನಗು ಯಂತ್ರ ಇಲ್ಲದಿದ್ದರೂ ಹೊಳೆಯ ಆಚೆದಂಡೆಗೆ ಕೇಳಿಸುತ್ತಿತ್ತು.

“ಒಂದೂವರೆ ವರ್ಷ ಕಾದಿದೀನಿ ಮಾರಾಯ, ಇಷ್ಟಾದ್ರೂ ಬೇಡ್ವಾ ನನಗೆ?”

“ಬೇಕು,” ಎಂದ ಫರ್ಕರ್. “ಇನ್ನೂ ಬೇಕಾದ್ರೆ ಇನ್ನೂ ಮಾಡು. ತಪ್ಪು ನಂದೇ.”

ಹಾಗೆ ನೇರವಾಗಿ ಅಂದದ್ದೇ ತಡ, ಇವಾಂಡರನ ನಗು ಇಳಿಯಿತು. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದ. “ಬಾ, ಒಂದು ತೋರಿಸ್ಬೇಕು.”

ಕಾಡಿನ ನಡುವೆ, ಸವರಿದ ಮರಗಳ ಪಕ್ಕದಲ್ಲಿ, ಎತ್ತರದ ಸ್ಪ್ರೂಸ್ ಒಂದರ ಎದುರು ಕಡಿದ ಮರದ ಬೊಡ್ಡೆ ಇತ್ತು. ತುಂಬ ದಿನದಿಂದ ಯಾರೋ ಕೂರುತ್ತಿರುವುದರಿಂದ ಅದರ ಮೇಲೆ ಪಾಚಿ ಸವೆದಿತ್ತು. ಇವಾಂಡರ್ ಜೇಬಿನಿಂದ ಚಿಕ್ಕ ದುರ್ಬೀನು ತೆಗೆದ. ಮುತ್ತಿನ ಚಿಪ್ಪು ಕೂರಿಸಿದ, ನಾಟಕ ನೋಡುವವರ ದುರ್ಬೀನು. ತೀರಿಹೋದ ಅವನ ಹೆಂಡತಿ ಡೋಲಿನಾಳದು.

“ಆ ಕೊಂಬೆ ತುದಿ ಕೆಳಗೆ ನೋಡು. ಹತ್ತಿರ ಹೋಗ್ಬೇಡ.”

ಕೊಂಬೆಯ ತುದಿಗೆ ಪಾಚಿ, ಜೇಡರಬಲೆ ಸೇರಿಸಿ ನೇಯ್ದ ತೊಟ್ಟಿಲೊಂದು ತೂಗುತ್ತಿತ್ತು, ಮುಷ್ಟಿಯಷ್ಟು. ಅಂಚಿನ ಮೇಲೆ ಐದಾರು ಹಳದಿ ಬಾಯಿಗಳು. ಹೊಂಜುಟ್ಟಿನ ಗೂಡು. ಕಳೆದ ಇಪ್ಪತ್ತಾರು ವರ್ಷದಲ್ಲಿ ಫರ್ಕರ್ ಒಂದೂ ಕಂಡವನಲ್ಲ.

“ಯಾವಾಗ ಸಿಕ್ತೋ ಇದು?”

“ಇದು ಎರಡನೇ ಸಲದ ಮರಿಗಳು. ಮೊದಲಿನವು ಮೇ ಕೊನೇಲಿ ಹಾರಿಹೋದ್ವು. ಹೋದ ವರ್ಷ ಆ ಕಡೆ ಒಂದಿತ್ತು.” ಇವಾಂಡರ್ ಬೊಡ್ಡೆಯ ಮೇಲೆ ಕೂತ. “ನೀನು ಬರೆದಿದ್ದು ಓದಿದ ಮೇಲೆ ನನಗೆ ನಿದ್ದೆ ಬರ್ಲಿಲ್ಲ ಕಣೋ. ಅಂಗಡೀಲಿ ಏನೇನೋ ಅಂದೆ, ನಿಜ. ಆದ್ರೆ ಹಕ್ಕಿ ವಿಷಯದಲ್ಲಿ ನೀನು ಹೇಳಿದ ಮೇಲೆ ಸುಳ್ಳಿರಲ್ಲ ಅಂತ್ಲೇ ಅಂದ್ಕೊಂಡೆ. ನಾನೇ ಓಡಿಸಿಬಿಟ್ನೇನೋ ಅಂತ. ಆಮೇಲೆ ಲೈಬ್ರರಿ ವ್ಯಾನಿಂದ ಪುಸ್ತಕ ತಂದು ಹುಡುಕೋಕೆ ಶುರು ಮಾಡ್ದೆ.”

“ಸಿಕ್ಕಿದಾಗ ಯಾಕೆ ಹೇಳ್ಲಿಲ್ಲ?”

“ಹೆಬ್ಬಾತಿಗೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲದವನು ಹೇಳಿದ್ರೆ ನೀನು ನಂಬ್ತಿದ್ಯಾ?”

ನಂಬುತ್ತಿರಲಿಲ್ಲ. ಫರ್ಕರನಿಗೆ ಅದು ಚೆನ್ನಾಗಿ ಗೊತ್ತಿತ್ತು. ದುರ್ಬೀನು ಕಣ್ಣಿಗೆ ಹಿಡಿದುಕೊಂಡೇ ಇದ್ದ. ಕೆಳಗಿಳಿಸಿದರೆ ಇವಾಂಡರನಿಗೆ ಮುಖ ಕಾಣಿಸುತ್ತಿತ್ತು. ತಾಯಿಹಕ್ಕಿ ಬಂತು. ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು.

“ಈಗ ಕೂಗ್ತಿವೆಯಾ?”

“ಕೂಗೋದಾ? ಪ್ರಾಣ ತಿಂತಿವೆ.”

“ಹೇಗಿದೆ, ಹೇಳು.”

ಇವಾಂಡರ್ ಯೋಚಿಸಿದ. “ತುಕ್ಕು ಹಿಡಿದ ತಳ್ಳುಗಾಡಿ ಇದೆಯಲ್ಲ, ಅದನ್ನ ಇಲಿ ತಳ್ಕೊಂಡು ಹೋದ ಹಾಗೆ.”

“ಸರಿಯಾಗಿದೆ,” ಎಂದ ಫರ್ಕರ್. “ಅದೇ.”

ಮುಂದಿನ ವಸಂತದ ಎಣಿಕೆಗೆ ಇಬ್ಬರೂ ಹೋದರು. ಇವಾಂಡರ್ ಕೇಳುವವನು, ಫರ್ಕರ್ ಹೆಸರು ಹೇಳುವವನು. ಕೆಲಸ ಸಲೀಸಾಗಿ ಸಾಗಿತು ಎನ್ನುವಂತಿಲ್ಲ. “ಪಾದ್ರಿಗಳು ಗಂಟಲು ಸರಿಮಾಡ್ಕೊಂಡ ಹಾಗೆ ಏನೋ ಇದೆ,” ಎಂದು ಇವಾಂಡರ್ ಪಿಸುಗುಟ್ಟಿದ. ಫರ್ಕರ್ ಹತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಪೊದೆಯಿಂದ ಜಿಂಕೆಯೊಂದು ಹೊರಬಂತು. ಕಾಡಿನೊಳಗೆ ಹೊಂಜುಟ್ಟುಗಳ ಲೆಕ್ಕ ಏರುತ್ತಲೇ ಹೋಯಿತು. ಎಲ್ಲಿ ನಿಂತರೂ ಒಂದು ಹಕ್ಕಿ ಮಾತ್ರ ಬಿಡದೆ, ಉಸಿರೂ ತೆಗೆದುಕೊಳ್ಳದೆ ಪೀ ಎನ್ನುತ್ತಿತ್ತು. ಅದು ತಮ್ಮ ಜೊತೆಗೇ ಬರುತ್ತಿದೆ ಎಂದು ಇವಾಂಡರ್ ಅಂದಾಗ, ಇಂಥ ನಡವಳಿಕೆ ಹೊಂಜುಟ್ಟಿನಲ್ಲಿ ಈವರೆಗೆ ಯಾರೂ ಕಂಡಿಲ್ಲ, ಅಂಕಣಕ್ಕೆ ಒಳ್ಳೆಯ ವಿಷಯ ಎಂದು ಫರ್ಕರ್ ಬರೆದುಕೊಂಡ. ಟೋಪಿ ಒತ್ತಿದ್ದರಿಂದ ಸಡಿಲಾಗಿ ಅವನ ಎಡಗಿವಿಯ ಯಂತ್ರವೇ ಸಿಳ್ಳೆ ಹಾಕುತ್ತಿತ್ತು ಎಂದು ಇವಾಂಡರ್ ಪತ್ತೆ ಹಚ್ಚುವ ಹೊತ್ತಿಗೆ ಅದನ್ನು ಆರು ಸಲ ಎಣಿಸಿ ಆಗಿತ್ತು.

ಆರನ್ನೂ ಹೊಡೆದುಹಾಕಿದರು. ಉಳಿದದ್ದು ಇಪ್ಪತ್ತೆರಡು. ಜಲಪಾತದ ಕೆಳಗಿನ ಚಪ್ಪಟೆ ಬಂಡೆಯ ಮೇಲೆ ಕೂತು, ಎಫಿ ಕಟ್ಟಿಕೊಟ್ಟಿದ್ದ ಓಟ್ಸ್ ರೊಟ್ಟಿ, ಚೀಸು ಹಂಚಿಕೊಂಡರು. ಇಪ್ಪತ್ತೆರಡರಲ್ಲಿ ಒಂದನ್ನು ಎರಡು ಸಲ ಎಣಿಸಿದ್ದೀಯ ಎಂದು ಫರ್ಕರ್, ಇಲ್ಲ ಎಂದು ಇವಾಂಡರ್, ರೊಟ್ಟಿ ಮುಗಿಯುವವರೆಗೂ ವಾದ ಮಾಡಿದರು. ಕೊನೆಗೆ ಫರ್ಕರ್ ಇಪ್ಪತ್ತೆರಡು ಎಂದೇ ಬರೆದು, ಪುಸ್ತಕ ಮುಚ್ಚಿ, ಇವಾಂಡರನ ಕೈ ಹಿಡಿದು ಬಂಡೆಯಿಂದ ಎದ್ದ.